ಕಡೇ ಗದ್ದೆಯ ಲೆಕ್ಕ: ದೂರಸಂಪರ್ಕದ ನಿಯಮ, ಹೂಡಿಕೆ, ಯುರೋಪು ಮತ್ತು ನಾವು

(ನನ್ನಿವಾಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಪರಿಷ್ಕೃತ ಪಠ್ಯ)



ಯುರೋಪಿನ ದೂರಸಂಪರ್ಕ ಕಾನೂನಿನ ಬಗ್ಗೆ ಮಾತಾಡುತ್ತೇನೆ ಅಂದಾಗ ಸಂಘಟಕರಲ್ಲೊಬ್ಬರು ನಕ್ಕುಬಿಟ್ಟರು. "ಸಾರ್, ಮೊದಲು ನಮ್ಮ ಹಟ್ಟಿಗೆ ಸಿಗ್ನಲ್ ಬರೋ ದಾರಿ ಹೇಳಿ, ಆಮೇಲೆ ಯುರೋಪಿಗೆ ಹೋಗೋಣ" ಅಂದರು. ಮಾತು ಸರಿಯೇ. ಆದರೆ ನಾನು ಎದುರು ದಾರಿ ಹಿಡಿಯುತ್ತೇನೆ. ಮೊದಲು ಯುರೋಪಿಗೆ ಹೋಗಿ, ಅಲ್ಲಿಂದ ಹಟ್ಟಿಗೆ ಬರುತ್ತೇನೆ. ಹಟ್ಟಿಯಲ್ಲಿ ಸಿಗ್ನಲ್ ಯಾಕಿಲ್ಲ ಅನ್ನುವ ಪ್ರಶ್ನೆಯನ್ನು ಅವರೂ ತಮ್ಮ ಬೆಟ್ಟದೂರುಗಳಲ್ಲಿ ನಿಂತು ಕೇಳಿದ್ದಾರೆ, ಕೆಲವು ಕಡೆ ಉತ್ತರವನ್ನೂ ಕಂಡುಕೊಂಡಿದ್ದಾರೆ.

1. ದತ್ತಿಯೂ ಒಂದು ಹೂಡಿಕೆ

ದತ್ತಿ ಅಂದರೇನು? ಯಾರೋ ಒಬ್ಬರು ತಮ್ಮ ದುಡಿಮೆಯ ಗಂಟನ್ನು ತಂದು ಸಂಸ್ಥೆಯ ಕೈಗೆ ಕೊಡುತ್ತಾರೆ. ಗಂಟನ್ನು ಮುಟ್ಟಬಾರದು, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು ಅನ್ನುವುದು ಕರಾರು. ಅಧ್ಯಕ್ಷರು ಬದಲಾದರೂ ಕರಾರು ಬದಲಾಗುವಂತಿಲ್ಲ. ಆ ನಂಬಿಕೆ ಇಲ್ಲದೆ ಹೋಗಿದ್ದರೆ ದಾನಿ ಗಂಟು ಬಿಚ್ಚುತ್ತಲೇ ಇರಲಿಲ್ಲ, ನಾನು ಇಲ್ಲಿ ನಿಲ್ಲುತ್ತಲೂ ಇರಲಿಲ್ಲ.

ನಿಯಮ ಬಿಗಿಯಾದಷ್ಟೂ ಹೂಡಿಕೆ ಓಡಿಹೋಗುತ್ತದೆ ಅಂತ ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಆಗಾಗ ಓದುತ್ತೇವೆ. ದತ್ತಿಯ ಗಂಟು ಬೇರೆ ಮಾತು ಹೇಳುತ್ತದೆ. ಅದು ಇಲ್ಲಿ ಬಂದು ಕೂತದ್ದೇ ನಿಯಮವನ್ನು ನಂಬಿ. ಹಾಗಂತ ಎಲ್ಲ ನಿಯಮವೂ ಹಣ ತರುತ್ತದೆ ಅನ್ನಲಾರೆ. ವರ್ಷಕ್ಕೆ ನೂರು ಉಪನ್ಯಾಸ ನಡೆಸಬೇಕು ಅಂತ ಕರಾರಿದ್ದರೆ ಯಾವ ಸಂಸ್ಥೆಯೂ ದತ್ತಿಯನ್ನು ಒಪ್ಪುತ್ತಿರಲಿಲ್ಲ.

ನನ್ನಿವಾಳ ಮ್ಯಾಸನಾಯಕರ ಕಟ್ಟೆಮನೆಯ ಊರು. ಎರಡೂ ಕಡೆಯ ಮಾತು ಕೇಳಿ ತೀರ್ಮಾನ ಹೇಳುವ ಕಟ್ಟೆ ಯಾಕೆ ಬೇಕು ಅಂತ ಈ ಊರಿಗೆ ಹೊರಗಿನವನು ಹೇಳಿಕೊಡಬೇಕಾಗಿಲ್ಲ. ಫೋನಿನ ಲೋಕಕ್ಕೆ ಅಂಥ ಕಟ್ಟೆ ಬೇಕಾಗುವುದು ಮೂರು ಕಾರಣಕ್ಕೆ. ಒಂದು, ಕೇಬಲ್ ಎಳೆಯಲು ರಸ್ತೆ ಅಗೆಯಬೇಕು. ಐದು ಕಂಪನಿ ಐದು ಸಲ ಅಗೆದರೆ ರಸ್ತೆಯೂ ಉಳಿಯದು, ಲಾಭವೂ ಉಳಿಯದು. ಹಾಗಾಗಿ ಮೊದಲು ಅಗೆದವನ ಕೈ ಮೇಲಾಗುತ್ತದೆ. ಎರಡು, ಮೊಬೈಲಿನ ತರಂಗಾಂತರ ಅಮೃತಮಹಲ್ ಕಾವಲಿನ ಹಾಗೆ. ಒಬ್ಬರದ್ದಲ್ಲ, ಆದರೆ ಯಾರು ಎಲ್ಲಿ ಮೇಯಿಸಬೇಕು ಅಂತ ಗೊತ್ತುಮಾಡದಿದ್ದರೆ ಯಾರಿಗೂ ಹುಲ್ಲು ಸಿಗದು. ಮೂರು, ಒಂದು ಕಂಪನಿಯ ಕರೆಯನ್ನು ಇನ್ನೊಂದು ಕಂಪನಿ ಎತ್ತಿ ತಲುಪಿಸಬೇಕು. ದೊಡ್ಡವನು ಸಣ್ಣವನ ಕರೆಯನ್ನು ಬಾಗಿಲಲ್ಲೇ ನಿಲ್ಲಿಸಿದರೆ ಸಣ್ಣವನ ಅಂಗಡಿ ಮುಚ್ಚಿದಂತೆಯೇ.

ಈ ಕೆಲಸ ಮಾಡುವವನನ್ನು ಇಂಗ್ಲಿಷ್ ಬಲ್ಲವರು ರೆಗ್ಯುಲೇಟರ್ ಅನ್ನುತ್ತಾರೆ. ನಮ್ಮ ಕೆರೆಗಳಿಗೆ ಅವನು ಹಳಬ, ಹೆಸರು ನೀರುಗಂಟಿ. ತೂಬು ಎತ್ತುವವನು, ಸರದಿ ಹೇಳುವವನು. ನೀರುಗಂಟಿಯ ಕೆಲಸ ಸರಿಯಾಯಿತೋ ಇಲ್ಲವೋ ಅಂತ ತೂಬಿನ ಪಕ್ಕ ನಿಂತರೆ ತಿಳಿಯುವುದಿಲ್ಲ, ಅಲ್ಲಿ ಯಾವಾಗಲೂ ನೀರು ಭೋರ್ಗರೆಯುತ್ತಲೇ ಇರುತ್ತದೆ. ಕಡೇ ಗದ್ದೆಗೆ ಹೋಗಿ ಮಣ್ಣು ಮುಟ್ಟಿ ನೋಡಬೇಕು. ಭದ್ರಾ ಮೇಲ್ದಂಡೆ ಯೋಜನೆಯ ನೀರಿಗಾಗಿ ಇಷ್ಟು ವರ್ಷ ಕಾದ ಸೀಮೆಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಇವತ್ತು ನನ್ನ ಮಾತು ಇಷ್ಟೇ: ದೂರಸಂಪರ್ಕದ ಯಾವ ನಿಯಮ ಹೂಡಿಕೆಗೆ ಒಳ್ಳೆಯದು, ಯಾವುದು ಕೆಟ್ಟದ್ದು ಅನ್ನುವ ಲೆಕ್ಕವನ್ನು ಕಡೇ ಗದ್ದೆಯಿಂದ ಹಾಕಬೇಕು.

2. ಕಿತ್ತೂರಿನಿಂದ ಚಿತ್ರದುರ್ಗದವರೆಗೆ

ನಾನು ಹುಡುಗನಾಗಿದ್ದಾಗ ಚಳ್ಳಕೆರೆಯ ಮಂಡಿಯಲ್ಲಿ ಶೇಂಗಾ ಧಾರಣೆ ಕೇಳಲು ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದರು. ಕಾಲ್ ಸಿಗುವಷ್ಟರಲ್ಲಿ ಧಾರಣೆ ಬದಲಾಗಿರುತ್ತಿತ್ತು. ಆಗ ಕಂಬ ನೆಡುವವರೂ ಸರಕಾರ, ತಂತಿ ಎಳೆಯುವವರೂ ಸರಕಾರ, ದರ ಹೇಳುವವರೂ ಸರಕಾರ. 1885ರ ತಂತಿ ಕಾಯ್ದೆ ಆ ಹಕ್ಕನ್ನೆಲ್ಲ ಒಂದೇ ಕೈಗೆ ಕೊಟ್ಟಿತ್ತು. ಬೆಂಗಳೂರಿನಲ್ಲಿ 1948ರಲ್ಲಿ ದೂರವಾಣಿ ಯಂತ್ರ ಮಾಡುವ ಐಟಿಐ ಕಾರ್ಖಾನೆ ಬಂತು, ಸುತ್ತಲಿನ ಬಡಾವಣೆಗೆ ದೂರವಾಣಿನಗರ ಅನ್ನುವ ಚೆಂದದ ಹೆಸರೂ ಬಂತು. ಆದರೂ ಹಳ್ಳಿಗೆ ದೂರವಾಣಿ ದೂರವೇ ಉಳಿಯಿತು. ಹೊರದೇಶದ ಎಕ್ಸ್‌ಚೇಂಜ್‌ಗಳು ಸಾವಿರಾರು ಸಂಪರ್ಕದವು, ತಣ್ಣನೆಯ ಕೋಣೆ ಕೇಳುವಂಥವು.

ಅದಕ್ಕೆ ಮದ್ದು ಹುಡುಕಿದ್ದು 1984ರಲ್ಲಿ ಶುರುವಾದ ಸರಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್. ಅಲ್ಲಿನ ಎಂಜಿನಿಯರುಗಳು 128 ಸಂಪರ್ಕದ ಪುಟ್ಟ ಗ್ರಾಮೀಣ ಎಕ್ಸ್‌ಚೇಂಜ್ ಮಾಡಿದರು. ದೂಳು, ಸೆಕೆ ತಡೆಯುವಂಥದ್ದು, ಹವಾನಿಯಂತ್ರಣ ಬೇಡದ್ದು. ಅದರ ಮೊದಲ ಯಂತ್ರ 1986ರಲ್ಲಿ ನಮ್ಮದೇ ಕಿತ್ತೂರಿನಲ್ಲಿ ಕೂತಿತು. ಚೆನ್ನಮ್ಮನ ಊರಿನಿಂದ ಹೊರಟ ಆ ಪೆಟ್ಟಿಗೆ ದೇಶದ ಹಳ್ಳಿಗಳಲ್ಲಿ ಹರಡಿತು. ಮಾರುಕಟ್ಟೆಗೆ ಬಿಟ್ಟಿದ್ದರೆ ಯಾವ ಕಂಪನಿಯೂ ಮೊದಲ ಯಂತ್ರವನ್ನು ಕಿತ್ತೂರಿನಲ್ಲಿ ಇಡುತ್ತಿರಲಿಲ್ಲ. ಅದೂ ಹೂಡಿಕೆಯೇ, ಲೆಕ್ಕವನ್ನು ಕಡೆಯಿಂದ ಹಾಕಿದ್ದರಿಂದ ಆದದ್ದು.

1994ರ ದೂರಸಂಪರ್ಕ ನೀತಿ ಖಾಸಗಿಯವರಿಗೆ ಬಾಗಿಲು ತೆರೆಯಿತು. ಮೊಬೈಲಿಗೆ ಒಂದೊಂದು ವೃತ್ತಕ್ಕೆ, ಅಂದರೆ ಹೆಚ್ಚುಕಡಿಮೆ ಒಂದು ರಾಜ್ಯದಷ್ಟಿರುವ ವಲಯಕ್ಕೆ, ಇಬ್ಬರು. ಕರ್ನಾಟಕ ವೃತ್ತದಲ್ಲಿ ಪರವಾನಗಿ ಸಿಕ್ಕಿದ್ದು ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್ ಕಂಪನಿಗಳಿಗೆ. ವರ್ಷಕ್ಕಿಷ್ಟು ಕಟ್ಟುತ್ತೇವೆ ಅಂತ ದೇಶದ ಎಲ್ಲ ಕಡೆ ಕಂಪನಿಗಳು ಕೈಮೀರಿ ಕೂಗಿದ್ದವು. ಆಗ ಕರೆಗೆ ನಿಮಿಷಕ್ಕೆ 16 ರೂಪಾಯಿಯ ಆಸುಪಾಸು, ಬಂದ ಕರೆಗೂ ದುಡ್ಡು. ಗಿರಾಕಿ ಬರಲಿಲ್ಲ, ಕಂತು ಕಟ್ಟಲಾಗಲಿಲ್ಲ. 1997ರಲ್ಲಿ ದೂರಸಂಪರ್ಕದ ನಿಯಂತ್ರಕ ಸಂಸ್ಥೆ ಟ್ರಾಯ್ ಹುಟ್ಟಿತು. 1999ರ ಹೊಸ ನೀತಿ ಕಟ್ಟುಗುತ್ತಿಗೆಯನ್ನು ಬಿಟ್ಟು ಪಾಲಿನ ಪದ್ಧತಿಗೆ ಬಂತು: ಬಂದ ಆದಾಯದಲ್ಲಿ ಸರಕಾರಕ್ಕೆ ಇಷ್ಟು ಪಾಲು. ಹೊಲದ ಗುತ್ತಿಗೆ ಗೊತ್ತಿರುವವರಿಗೆ ಇದು ಹೊಸದಲ್ಲ. ಮಳೆ ಬಂದರೂ ಬಾರದಿದ್ದರೂ ಇಷ್ಟು ಚೀಲ ಅಳೆಯಬೇಕು ಅಂದರೆ ರೈತ ಬಾವಿ ತೋಡುವ ಧೈರ್ಯ ಮಾಡುವುದಿಲ್ಲ. ಬೆಳೆದದ್ದರಲ್ಲಿ ಪಾಲು ಅಂದರೆ ಮಾಡುತ್ತಾನೆ. 2002ರಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಬಂತು, 2003ರಲ್ಲಿ ಬಂದ ಕರೆ ಪುಕ್ಕಟೆಯಾಯಿತು. ಫೋನು ಮೇಷ್ಟ್ರ ಜೇಬಿಗೂ ಇಳಿಯಿತು.

ಸಂತೋಷದ ಕತೆ. ಆದರೆ ಪರವಾನಗಿಯಲ್ಲಿ ಇನ್ನೊಂದು ಷರತ್ತು ಇತ್ತು. ಮೊದಲ ವರ್ಷ ವೃತ್ತದ ಜಿಲ್ಲಾ ಕೇಂದ್ರಗಳಲ್ಲಿ 10%, ಮೂರು ವರ್ಷದೊಳಗೆ 50% ಕಡೆ ಸೇವೆ ಇರಬೇಕು. ಜಿಲ್ಲಾ ಕೇಂದ್ರದ ಬದಲು ಆ ಜಿಲ್ಲೆಯ ಬೇರೊಂದು ಪಟ್ಟಣವಾದರೂ ಸರಿ. ಅಂದರೆ ಚಿತ್ರದುರ್ಗದ ಕೋಟೆಯ ಬುಡದಲ್ಲಿ ಸಿಗ್ನಲ್ ಬಂದರೆ ಇಡೀ ಜಿಲ್ಲೆ ಲೆಕ್ಕಕ್ಕೆ ಬಂತು. ಚಿತ್ರದುರ್ಗವನ್ನೇ ಬಿಟ್ಟರೂ ನಡೆಯುತ್ತಿತ್ತು, ವೃತ್ತದ ಅರ್ಧದಷ್ಟು ಜಿಲ್ಲೆಗಳು ಸಾಕಲ್ಲ. ನೀರುಗಂಟಿ ತೂಬಿನ ಬಳಿಯೇ ನಿಂತು ಹಾಜರಿ ಹಾಕಿಕೊಂಡ. ಸ್ಥಿರ ದೂರವಾಣಿಯ ಖಾಸಗಿ ಕಂಪನಿಗಳು ಹಳ್ಳಿಗೊಂದು ಸಾರ್ವಜನಿಕ ಫೋನು ಕೊಡುತ್ತೇವೆಂದು ಪರವಾನಗಿ ಪಡೆದವು, ಒಪ್ಪಿದ್ದರಲ್ಲಿ ಅತ್ಯಲ್ಪ ಭಾಗವನ್ನಷ್ಟೇ ಕೊಟ್ಟವು.

3. ಯುರೋಪಿನ ಕಾಲುವೆ

ಇನ್ನು ಯುರೋಪಿಗೆ ಹೋಗೋಣ. ಅಲ್ಲೂ ಫೋನು ಸರಕಾರದ ಅಂಚೆ ಇಲಾಖೆಗಳ ಕೈಯಲ್ಲೇ ಇತ್ತು. 1998ರ ಜನವರಿ 1ರಂದು ಯುರೋಪಿಯನ್ ಒಕ್ಕೂಟದ ಬಹುತೇಕ ದೇಶಗಳು ದೂರವಾಣಿಯನ್ನು ಪೂರ್ತಿ ಪೈಪೋಟಿಗೆ ಬಿಟ್ಟವು. ಆದರೆ ಮನೆಮನೆಗೂ ಹೋಗಿದ್ದ ತಾಮ್ರದ ತಂತಿ ಹಳೆಯ ಸರಕಾರಿ ಕಂಪನಿಯದ್ದು. ಹೊಸಬ ಎಲ್ಲಿಂದ ಶುರು ಮಾಡಬೇಕು? ಹಳಬ ತನ್ನ ತಂತಿಯನ್ನು ನ್ಯಾಯವಾದ ಬಾಡಿಗೆಗೆ ಬಿಡಬೇಕು ಅಂತ 2000ದಲ್ಲಿ ಕಾನೂನಾಯಿತು. 2002ರ ಸಮಗ್ರ ಚೌಕಟ್ಟು ಅದನ್ನು ಗಟ್ಟಿ ಮಾಡಿತು. ಮಾರುಕಟ್ಟೆಯಲ್ಲಿ ಯಾರ ಕೈ ಮೇಲೋ ಅವರ ಮೇಲೆ ಮಾತ್ರ ಭಾರ ಅನ್ನುವುದು ಅದರ ತಿರುಳು.

ಇದರ ಹಿಂದೆ ಮಾರ್ಟಿನ್ ಕೇವ್ ಅನ್ನುವ ಬ್ರಿಟಿಷ್ ಅರ್ಥಶಾಸ್ತ್ರಜ್ಞರು ಬೆಳೆಸಿದ ಏಣಿಯ ವಾದವಿತ್ತು. ಹೊಸಬ ಮೊದಲು ಹಳಬನ ಸೇವೆಯನ್ನೇ ಕೊಂಡು ಮಾರಲಿ, ಗಿರಾಕಿ ಕೂಡಿದ ಮೇಲೆ ತಂತಿ ಬಾಡಿಗೆಗೆ ಪಡೆಯಲಿ, ಕೊನೆಗೆ ತನ್ನದೇ ತಂತಿ ಎಳೆಯಲಿ. ಮೆಟ್ಟಿಲು ಮೆಟ್ಟಿಲಾಗಿ ಹೂಡಿಕೆ ಏರುತ್ತದೆ. ಹಳಬರು ಒಪ್ಪಲಿಲ್ಲ. ನಾನು ಸಾಲ ಮಾಡಿ ಬೋರು ಕೊರೆಸಿದರೆ ಪಕ್ಕದವನಿಗೂ ಅದೇ ದರಕ್ಕೆ ನೀರು ಬಿಡು ಅನ್ನುತ್ತೀರಿ. ಫೇಲಾದ ಬೋರಿನ ಸಾಲ ಮಾತ್ರ ನನ್ನೊಬ್ಬನ ತಲೆಗೆ. ಹಾಗಾದರೆ ಕೊರೆಸುವವರು ಯಾರು? ಇದು ಅವರ ತಕರಾರು. ಏಳುನೂರು ಅಡಿಗೂ ನೀರು ಕಾಣದ ಬೋರುಗಳ ಸೀಮೆಯಲ್ಲಿ ನಿಂತು ಆ ತಕರಾರನ್ನು ಸುಮ್ಮನೆ ತಳ್ಳಿಹಾಕಲಾರೆ.

ಎರಡು ದೇಶ ಎರಡು ದಾರಿ ಹಿಡಿದವು. ಜರ್ಮನಿ 2007ರಲ್ಲಿ ತನ್ನ ಹಳೆಯ ಕಂಪನಿ ಡಾಯ್ಚ ಟೆಲಿಕಾಮ್‌ಗೆ ಅನುಕೂಲವಾಗುವಂತೆ ಹೊಸ ಜಾಲಕ್ಕೆ ನಿಯಮದಿಂದ ರಜೆ ಕೊಟ್ಟಿತು. 2009ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಆ ರಜೆಯನ್ನು ಕಾನೂನುಬಾಹಿರ ಅಂದಿತು. ಅದೇ 2009ರಲ್ಲಿ ಸ್ಪೇನಿನ ನಿಯಂತ್ರಕ ಜಾಣತನದ ಒಂದು ತೀರ್ಮಾನ ಕೊಟ್ಟಿತು: ಟೆಲಿಫೋನಿಕಾ ಎಳೆಯುವ ಹೊಸ ಫೈಬರಿನ ವೇಗದ ಸೇವೆ ಅದಕ್ಕೇ ಇರಲಿ, ಆದರೆ ನೆಲದೊಳಗಿನ ಅದರ ಡಕ್ಟುಗಳು, ಅಂದರೆ ಕೇಬಲ್ ತೂರಿಸುವ ಕೊಳವೆಗಳು, ಎಲ್ಲರಿಗೂ ಬಾಡಿಗೆಗೆ ತೆರೆದಿರಲಿ. ಬೋರಿನ ನೀರು ನಿನ್ನದು, ಕಾಲುವೆ ಎಲ್ಲರದ್ದು.

ಅಗೆಯುವ ಖರ್ಚು ತಪ್ಪಿತು, ಎದುರಾಳಿಗಳು ತಮ್ಮದೇ ಫೈಬರ್ ತೂರಿಸಿದರು, ಹಿಂದೆ ಬೀಳಬಾರದೆಂದು ಟೆಲಿಫೋನಿಕಾವೂ ಓಡಿತು. 2023ರ ಹೊತ್ತಿಗೆ ಸ್ಪೇನಿನಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮನೆಗಳ ಬಾಗಿಲಿಗೆ ಫೈಬರ್ ಬಂದಿತ್ತು. ಅವರಿಗಿಂತ ಸಿರಿವಂತ ಜರ್ಮನಿಯಲ್ಲಿ ಹತ್ತರಲ್ಲಿ ಸುಮಾರು ಮೂರಕ್ಕೆ. ಎಲ್ಲ ಪುಣ್ಯವನ್ನೂ ನಿಯಮಕ್ಕೇ ಕೊಡುವುದು ತಪ್ಪಾಗುತ್ತದೆ. ಸ್ಪೇನಿನ ಜನ ಅಪಾರ್ಟ್‌ಮೆಂಟುಗಳಲ್ಲಿ ಒತ್ತಾಗಿ ಇರುವವರು, ಒಂದು ಕೇಬಲಿಗೆ ಹತ್ತು ಮನೆ. ಜರ್ಮನಿ ಹಳೆಯ ತಾಮ್ರವನ್ನೇ ಉಜ್ಜಿ ವೇಗ ತೆಗೆಯುತ್ತ ಕೂತಿತು. ಆದರೂ ಒಂದು ಮಾತು ನಿಲ್ಲುತ್ತದೆ: ಹೂಡಿಕೆಯಲ್ಲಿ ಯಾವ ಭಾಗ ದುಬಾರಿ, ಯಾವ ಭಾಗ ಹಂಚಿಕೊಳ್ಳಲು ಬರುತ್ತದೆ ಅಂತ ಗುರುತಿಸಿದ ನಿಯಮ ಹಣವನ್ನು ಕರೆಯಿತು, ಒಬ್ಬನಿಗೆ ರಜೆ ಕೊಟ್ಟ ನಿಯಮ ಕೋರ್ಟನ್ನು ಕರೆಯಿತು.

4. ಹುಣಸೆ ಮರದ ಹರಾಜು

ಈಗ ತರಂಗಾಂತರದ ವಿಷಯ. ಊರ ಸುತ್ತಲಿನ ಹುಣಸೆ ಮರದ ಫಸಲನ್ನು ಹರಾಜು ಹಾಕುವುದು ನೋಡಿದ್ದೀರಿ. ಹಠಕ್ಕೆ ಬಿದ್ದು ಕೂಗಿದವನು ಏನು ಮಾಡುತ್ತಾನೆ? ಅಸಲು ಹೊರಡಿಸಲು ಕೊಂಬೆ ಮುರಿಯುವಂತೆ ಬಡಿಯುತ್ತಾನೆ. ದೂರದ ಒಂಟಿ ಮರದ ಕಡೆಗೆ ಹೋಗುವುದೇ ಇಲ್ಲ, ಆಳಿನ ಕೂಲಿಯೂ ಗಿಟ್ಟದು ಅಂತ.

2000ದಲ್ಲಿ ಯುರೋಪು ಮೂರನೇ ತಲೆಮಾರಿನ ತರಂಗಾಂತರವನ್ನು ಮಾರಿತು. ಬ್ರಿಟನ್ನಿಗೆ ಸುಮಾರು 2,250 ಕೋಟಿ ಪೌಂಡು, ಜರ್ಮನಿಗೆ ಸುಮಾರು 5,000 ಕೋಟಿ ಯುರೋ ಬಂತು. ಖಜಾನೆಗಳು ಕುಣಿದವು. ಜರ್ಮನಿಯಲ್ಲಿ ಗೆದ್ದ ಆರರಲ್ಲಿ ಎರಡು ಕಂಪನಿಗಳು ಮೂರನೇ ತಲೆಮಾರಿನ ಸೇವೆ ಶುರುಮಾಡದೆಯೇ ಕೈಚೆಲ್ಲಿದವು. ಉಳಿದವರ ತಲೆಯ ಮೇಲೆ ಸಾಲ. ಪುಸ್ತಕದ ಅರ್ಥಶಾಸ್ತ್ರ ಇಲ್ಲೊಂದು ಮಾತು ಹೇಳುತ್ತದೆ: ಒಮ್ಮೆ ಕಟ್ಟಿದ ಹಣ ಹೋದ ಹಣ, ಮುಂದಿನ ಟವರ್ ಹಾಕಬೇಕೋ ಬೇಡವೋ ಅನ್ನುವ ಲೆಕ್ಕಕ್ಕೆ ಅದು ಬರಬಾರದು. ನಾನೂ ತರಗತಿಯಲ್ಲಿ ಹೀಗೇ ಪಾಠ ಮಾಡಿದ್ದೇನೆ. ಆದರೆ ಮಗಳ ಮದುವೆಗೆ ಸಾಲ ಮಾಡಿದ ರೈತನಿಗೆ ಬ್ಯಾಂಕು ಬೋರಿಗೆಂದು ಮತ್ತೆ ಸಾಲ ಕೊಡುತ್ತದೆಯೇ? ಹೋದ ಹಣ ಹೋದರೂ ಸಾಲಗಾರ ಹೋಗುವುದಿಲ್ಲ.

ಹಾಗಾದರೆ ಪುಕ್ಕಟೆ ಕೊಟ್ಟುಬಿಡೋಣವೇ? ಸ್ವೀಡನ್ ಅದನ್ನೂ ಮಾಡಿ ನೋಡಿತು. ಹರಾಜಿಲ್ಲದೆ, ಯಾರು ಹೆಚ್ಚು ಜನರನ್ನು ಮುಟ್ಟುತ್ತೇವೆ ಅಂತ ಮಾತು ಕೊಟ್ಟರೋ ಅವರಿಗೆ ಪರವಾನಗಿ ಕೊಟ್ಟಿತು. 2003ರ ಕೊನೆಗೆ ಹೆಚ್ಚುಕಡಿಮೆ ದೇಶದ ಎಲ್ಲರನ್ನೂ ಮುಟ್ಟುತ್ತೇವೆ ಅಂದವರು ಆ ಹೊತ್ತಿಗೆ ಮುಟ್ಟಲಿಲ್ಲ, ಒಂದು ಕಂಪನಿ ಊರನ್ನೇ ಬಿಟ್ಟಿತು. ಹರಾಜಿನಲ್ಲಿ ಹಣ ಕೂಗುತ್ತಾರೆ, ಇಲ್ಲಿ ಭರವಸೆ ಕೂಗಿದರು.

ಯುರೋಪು ಕಲಿತದ್ದು ಇದರ ನಂತರ. 2010ರಲ್ಲಿ ಜರ್ಮನಿ 800 ಮೆಗಾಹರ್ಟ್ಸ್ ಪಟ್ಟಿಯನ್ನು ಹರಾಜು ಹಾಕಿತು. ತಗ್ಗಿನ ಪಟ್ಟಿ ಅದು; ಅಲೆ ದೂರ ಹೋಗುತ್ತದೆ, ಒಂದು ಟವರ್ ಹತ್ತಾರು ಹಳ್ಳಿ ನೋಡಿಕೊಳ್ಳುತ್ತದೆ. ಹರಾಜಿನ ಷರತ್ತು ಹೀಗಿತ್ತು: ಸೇವೆಯಿಲ್ಲದ 5,000 ಜನಸಂಖ್ಯೆಯೊಳಗಿನ ಊರುಗಳಿಗೆ ಮೊದಲು ಹೋಗಿ, ಆಮೇಲೆ ಸಣ್ಣ ಪಟ್ಟಣ, ಕೊನೆಗೆ ದೊಡ್ಡ ನಗರ. ಸರದಿಯೇ ತಿರುಗಿತು, ನೀರುಗಂಟಿ ಕಡೇ ಗದ್ದೆಯಿಂದ ಮಡೆ ಕಟ್ಟಿದ. 2018ರ ಜನವರಿಯಲ್ಲಿ ಫ್ರಾನ್ಸ್ ಇನ್ನೂ ಮುಂದೆ ಹೋಯಿತು. ಹಳೆಯ ಪರವಾನಗಿಗಳನ್ನು ಮರುಹರಾಜು ಹಾಕದೆ ಮುಂದುವರಿಸುತ್ತೇವೆ, ಖಜಾನೆಗೆ ಬರಬೇಕಾದ ಹಣ ಬಿಡುತ್ತೇವೆ. ಬದಲಿಗೆ ನಾಲ್ಕೂ ಕಂಪನಿಗಳು ಸಿಗ್ನಲ್ ಇಲ್ಲದ ಸಾವಿರಾರು ಜಾಗಗಳಲ್ಲಿ ಗಡುವಿನೊಳಗೆ ಸೇವೆ ಕೊಡಬೇಕು, ತಪ್ಪಿದರೆ ದಂಡ. ಹುಣಸೆ ಮರದ ಹಣ ಬೇಡ, ಒಣಗಿದ ಕಡೆ ಸಸಿ ನೆಟ್ಟು ತೋರಿಸು ಅಂದಹಾಗೆ. ಸ್ವೀಡನ್ನಿನ ಮಾತಿಗೂ ಫ್ರಾನ್ಸಿನ ಮಾತಿಗೂ ಇರುವ ವ್ಯತ್ಯಾಸ ನಿಯಂತ್ರಕ ಬಂದು ಎಣಿಸುತ್ತಾನೆ ಅನ್ನುವುದರಲ್ಲಿದೆ.

ನಮ್ಮಲ್ಲಿ? 2010ರ 3ಜಿ ಹರಾಜಿನಿಂದ 67 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಬಂತು. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟು ಹರಾಜಿಲ್ಲದೆ ಹಂಚಿದ್ದ 2ಜಿಯ 122 ಪರವಾನಗಿಗಳನ್ನು ರದ್ದು ಮಾಡಿದ ಮೇಲೆ ಹರಾಜೇ ಶುದ್ಧ, ಉಳಿದದ್ದೆಲ್ಲ ಅಶುದ್ಧ ಅನ್ನುವ ಭಾವನೆ ಬೇರೂರಿತು. ಭ್ರಷ್ಟಾಚಾರಕ್ಕೆ ಅದು ಮದ್ದು, ಸರಿ. ಆದರೆ 700 ಮೆಗಾಹರ್ಟ್ಸ್ ಪಟ್ಟಿಯ ಕತೆ ಕೇಳಿ. ಹಳ್ಳಿಗೆ ಹೇಳಿ ಮಾಡಿಸಿದಂಥ ಪಟ್ಟಿ. 2016ರಲ್ಲಿ ಹರಾಜಿಗೆ ಇಟ್ಟಾಗ ಸರಕಾರಿ ಸವಾಲು ಎಷ್ಟು ಎತ್ತರವಿತ್ತೆಂದರೆ ಒಬ್ಬರೂ ಕೂಗಲಿಲ್ಲ. 2021ರಲ್ಲಿ ಮತ್ತೆ ಇಟ್ಟರು, ಮತ್ತೆ ಯಾರೂ ಕೂಗಲಿಲ್ಲ. ಬೆಲೆ ಇಳಿಸಿದ ಮೇಲೆ 2022ರಲ್ಲಿ ಒಂದು ಕಂಪನಿ ಕೊಂಡಿತು. ಆರು ವರ್ಷ ಹಣ್ಣು ಮರದಲ್ಲೇ ಕಳಿತು ಉದುರಿತು. ತರಂಗಾಂತರಕ್ಕೆ ಉಗ್ರಾಣವಿಲ್ಲ, ನಿನ್ನೆ ಬಳಸದ ಅಲೆಯನ್ನು ಇವತ್ತು ಬಳಸಲು ಬರುವುದಿಲ್ಲ.

5. ಎಷ್ಟು ಜನ ಇರಬೇಕು?

ಯುರೋಪಿನಲ್ಲಿ ಈಗ ನಡೆಯುತ್ತಿರುವ ದೊಡ್ಡ ಜಗಳ ಕಂಪನಿಗಳ ಸಂಖ್ಯೆಯದ್ದು. ಇಟಲಿಯ ಮಾಜಿ ಪ್ರಧಾನಿ ಮಾರಿಯೋ ದ್ರಾಘಿ 2024ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿ ಹೇಳುವುದು ಹೀಗೆ: ಸುಮಾರು 45 ಕೋಟಿ ಜನರಿರುವ ಒಕ್ಕೂಟದಲ್ಲಿ ಮೂವತ್ತಕ್ಕೂ ಹೆಚ್ಚು ಮೊಬೈಲ್ ಬಳಗಗಳಿವೆ, ಅಮೆರಿಕ ಮತ್ತು ಚೀನಾಗಳಲ್ಲಿ ಬೆರಳೆಣಿಕೆ, ಹೀಗೆ ಚೂರಾದರೆ ಯಾರ ಕೈಯಲ್ಲೂ ಹೂಡುವಷ್ಟು ಹಣ ಉಳಿಯದು, ವಿಲೀನಕ್ಕೆ ದಾರಿ ಬಿಡಿ. ಗ್ರಾಹಕರ ಪರ ಇರುವವರು ಕೇಳುತ್ತಾರೆ: ಲಾಭ ಹೆಚ್ಚಿದರೆ ಅದು ಟವರಿಗೇ ಹೋಗುತ್ತದೆ ಅನ್ನಲು ಏನು ಖಾತರಿ? ಷೇರುದಾರರ ಜೇಬೂ ಇದೆಯಲ್ಲ?

ಈ ಜಗಳದಲ್ಲಿ ನಮ್ಮ ದೇಶವೇ ಸಾಕ್ಷಿ ಹೇಳಬಲ್ಲದು. 2010ರ ಸುಮಾರಿಗೆ ಒಂದೊಂದು ವೃತ್ತದಲ್ಲಿ ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದವು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದು ಡೇಟಾ ದರ ನೆಲ ಕಚ್ಚಿತು. ಹಲವರು ಬಾಗಿಲು ಹಾಕಿದರು, 2018ರಲ್ಲಿ ವೊಡಾಫೋನ್ ಮತ್ತು ಐಡಿಯಾ ಕೂಡಿಕೊಂಡವು, ಈಗ ಉಳಿದದ್ದು ಮೂರು ಖಾಸಗಿ, ಒಂದು ಸರಕಾರಿ. ಅದರ ನಡುವೆ ಎಜಿಆರ್ ಅನ್ನುವ ವ್ಯಾಜ್ಯ. ಸರಕಾರದ ಪಾಲು ಲೆಕ್ಕ ಹಾಕುವಾಗ ಆದಾಯ ಅಂದರೆ ಯಾವುದು? ಕರೆಯಿಂದ ಬಂದದ್ದು ಮಾತ್ರವೋ, ಬಡ್ಡಿ ಬಾಡಿಗೆಯೂ ಸೇರುತ್ತದೆಯೋ? ಹತ್ತು ವರ್ಷಕ್ಕೂ ಮೀರಿ ಎಳೆದಾಡಿ 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟು ಸರಕಾರದ ವಾದ ಎತ್ತಿಹಿಡಿಯಿತು. ಬಾಕಿ ಸುಮಾರು 1.47 ಲಕ್ಷ ಕೋಟಿ ರೂಪಾಯಿ ಅಂತ ಲೆಕ್ಕ ಬಂತು. 2021ರ ಸೆಪ್ಟೆಂಬರಿನಲ್ಲಿ ಸರಕಾರವೇ ಮುಂದಿನ ದಿನಗಳಿಗೆ ವ್ಯಾಖ್ಯೆ ಬದಲಿಸಿತು, ಬಾಕಿಗೆ ಕಾಲಾವಕಾಶ ಕೊಟ್ಟಿತು. ಕೊನೆಗೆ ವೊಡಾಫೋನ್ ಐಡಿಯಾದಲ್ಲಿ ತಾನೇ ದೊಡ್ಡ ಪಾಲುದಾರನಾಯಿತು. ಯಾರು ಸರಿ ಅಂತ ನಾನು ಹೇಳುತ್ತಿಲ್ಲ. ಒಪ್ಪಂದದ ಒಂದು ಪದಕ್ಕೆ ಅರ್ಥ ಏನು ಅಂತ ತಿಳಿಯಲು ಅಷ್ಟು ವರ್ಷ ಹಿಡಿದರೆ, ಅಷ್ಟೂ ವರ್ಷ ಹೂಡುವವನ ಕೈ ನಡುಗುತ್ತಿರುತ್ತದೆ. ಕಟ್ಟೆಯ ಮೇಲೆ ಹೇಳಿದ ಮಾತು ಮರುದಿನವೂ ಅದೇ ಆಗಿರಬೇಕು.

ಗಡಿಯ ವಿಷಯಕ್ಕೂ ಒಂದು ಮಾತು ಸೇರಿಸಬೇಕು. ಮೊಳಕಾಲ್ಮುರಿನ ಕಡೆಯವರಿಗೆ ನೆನಪಿರಬಹುದು, ನಮ್ಮ ಹೊಲದಲ್ಲೇ ನಿಂತಿದ್ದರೂ ಫೋನು ರಾಯದುರ್ಗದ ಕಡೆಯ ಆಂಧ್ರ ಟವರಿಗೆ ಸಿಕ್ಕಿಕೊಂಡು ರೋಮಿಂಗ್ ಅಂತ ಕರೆನ್ಸಿ ಕರಗುತ್ತಿತ್ತು. ಕುರಿ ಗಡಿ ದಾಟಿದರೆ ಕುರಿಗಾಹಿಯ ಕರೆನ್ಸಿ ಖಾಲಿ. ಯುರೋಪಿನಲ್ಲೂ ದೇಶ ದಾಟಿದ ಕೂಡಲೇ ಇದೇ ಗೋಳು. 2007ರಿಂದ ಹಂತಹಂತವಾಗಿ ದರ ಇಳಿಸಿ, 2017ರ ಜೂನ್ 15ರಿಂದ ಒಕ್ಕೂಟದೊಳಗೆ ಎಲ್ಲಿ ಹೋದರೂ ಊರಿನದೇ ದರ ಅಂತ ಮಾಡಿದರು. ಹೂಡಿಕೆ ಸತ್ತುಹೋಗುತ್ತದೆ ಅಂತ ಕಂಪನಿಗಳು ಎದೆ ಬಡಿದುಕೊಂಡವು, ಸಾಯಲಿಲ್ಲ. ಎಲ್ಲ ಎದೆಬಡಿತವೂ ಎದೆನೋವಲ್ಲ; ನಿಯಂತ್ರಕನಿಗೆ ಆ ವ್ಯತ್ಯಾಸ ಗೊತ್ತಿರಬೇಕು.

6. ಹಟ್ಟಿಯ ಟವರಿನ ಲೆಕ್ಕ

ಈಗ ಊರಿಗೆ ಬಂದೆವು. ಸುಲಭಕ್ಕಾಗಿ ಒಂದು ಕಲ್ಪಿತ ಲೆಕ್ಕ ಹಾಕೋಣ. ಬೆಂಗಳೂರಿನ ಒಂದು ಟವರಿಗೆ 100 ರೂಪಾಯಿ ಆದಾಯ, 40 ರೂಪಾಯಿ ಖರ್ಚು. ಕಾವಲಿನಂಚಿನ ಹಟ್ಟಿಯ ಟವರಿಗೆ 100 ರೂಪಾಯಿ ಆದಾಯ, 95 ರೂಪಾಯಿ ಖರ್ಚು. ಡೀಸೆಲ್ ಸಾಗಿಸಬೇಕು, ಕೇಬಲ್ ದೂರದಿಂದ ಬರಬೇಕು. ಪರವಾನಗಿ ಶುಲ್ಕ ಆದಾಯದ 8%. ಶುಲ್ಕ ಕಳೆದರೆ ಎರಡೂ ಕಡೆ ಉಳಿಯುವುದು 92. ಬೆಂಗಳೂರಿನ ಟವರ್ ಆಗಲೂ ಏಳುತ್ತದೆ. ಹಟ್ಟಿಯದು ಏಳುವುದಿಲ್ಲ. ಎಲ್ಲರಿಗೂ ಒಂದೇ ಅಂತ ಮಾಡಿದ ಶುಲ್ಕ ಪೆಟ್ಟು ಕೊಡುವುದು ಕಡೇ ಗದ್ದೆಗೆ ಮಾತ್ರ. ಕಟ್ಟುಗುತ್ತಿಗೆಗಿಂತ ಪಾಲು ಒಳ್ಳೆಯದು ಅಂತ ಆಗಲೇ ಹೇಳಿದೆ. ಆ ಪಾಲಿಗೂ ಈ ಊನ ಇದೆ.

ಶಾಸನ ಮಾಡಿದವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಆ ಎಂಟರಲ್ಲಿ ಐದು ಪಾಲು ಹಳ್ಳಿಗೆಂದೇ ಮೀಸಲು. 2002ರಲ್ಲಿ ಶುರುವಾಗಿ 2003ರಲ್ಲಿ ಶಾಸನದ ಬಲ ಪಡೆದ ಸಾರ್ವತ್ರಿಕ ಸೇವಾ ನಿಧಿ ಅದು. 2023ರ ಹೊಸ ದೂರಸಂಪರ್ಕ ಕಾಯ್ದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಅಂತ ಹೆಸರಿಟ್ಟಿತು. ಹಟ್ಟಿಯಿಂದ ಕಿತ್ತುಕೊಂಡದ್ದನ್ನು ಹಟ್ಟಿಗೇ ತಿರುಗಿ ಕೊಡುವ ಏರ್ಪಾಡು. ಒಳ್ಳೆಯದೇ. ಆದರೆ ಕೂಡಿದ ಹಣದಲ್ಲಿ ದೊಡ್ಡ ಭಾಗ ವರ್ಷಗಟ್ಟಲೆ ಖರ್ಚಾಗದೆ ಕೂತಿತ್ತು. ದತ್ತಿ ಇಟ್ಟರು, ಬಡ್ಡಿ ಬೆಳೆಯಿತು, ಉಪನ್ಯಾಸ ಮಾತ್ರ ನಡೆಯಲಿಲ್ಲ ಅಂದಹಾಗೆ.

ಆ ನಿಧಿಯಿಂದಲೇ 2011ರಲ್ಲಿ ಪಂಚಾಯಿತಿ ಪಂಚಾಯಿತಿಗೂ ಫೈಬರ್ ಎಳೆಯುವ ಯೋಜನೆ ಮಂಜೂರಾಯಿತು. ಮುಂದೆ ಅದರ ಹೆಸರು ಭಾರತ್‌ನೆಟ್. ಗುರಿ ಸುಮಾರು 2.5 ಲಕ್ಷ ಪಂಚಾಯಿತಿ. ಫೈಬರ್ ಪಂಚಾಯಿತಿ ಕಟ್ಟಡದ ತನಕ ಬರುತ್ತದೆ, ಪೆಟ್ಟಿಗೆಯಲ್ಲಿ ಹಸಿರು ದೀಪ ಮಿನುಗುತ್ತದೆ. ಅಲ್ಲಿಂದ ಹಟ್ಟಿಗೆ ಯಾರು ಒಯ್ಯಬೇಕು, ರಸ್ತೆ ಕೆಲಸದ ಜೆಸಿಬಿ ಕೇಬಲ್ ಕಿತ್ತರೆ ಎಷ್ಟು ದಿನದಲ್ಲಿ ಜೋಡಿಸಬೇಕು ಅನ್ನುವುದು ಎಷ್ಟೋ ಕಡೆ ಅತಂತ್ರವಾಯಿತು. ಕಟ್ಟುವುದಕ್ಕೆ ಹಣವಿತ್ತು, ಕಾಪಾಡುವುದಕ್ಕೆ ಹೊಣೆಗಾರನಿರಲಿಲ್ಲ. 2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ 1.39 ಲಕ್ಷ ಕೋಟಿ ರೂಪಾಯಿಯ ತಿದ್ದಿದ ಯೋಜನೆ ನಿರ್ವಹಣೆಯನ್ನೂ ಗುತ್ತಿಗೆಯೊಳಗೆ ತಂದಿತು. 2022ರ ಜುಲೈನಲ್ಲಿ 24,680 ಸಿಗ್ನಲ್‌ರಹಿತ ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ಮಂಜೂರಾಯಿತು, ಕೆಲಸ ಬಿಎಸ್‌ಎನ್‌ಎಲ್‌ಗೆ. 2025ರ ಜನವರಿ 1ರಿಂದ ಕೇಬಲ್ ಮತ್ತು ಟವರಿನ ಅನುಮತಿಗೆ ದೇಶಕ್ಕೆಲ್ಲ ಒಂದೇ ನಿಯಮ. ದಾರಿ ಸರಿ ಇದೆ, ಹೆಜ್ಜೆ ತಡ.

ಇನ್ನೊಂದು ಸಣ್ಣ ನಿಯಮ ನೋಡಿ. ಒಂದು ಕಂಪನಿಯ ಕರೆ ಇನ್ನೊಂದಕ್ಕೆ ಹೋದರೆ, ಕರೆ ಮಾಡಿದ ಕಂಪನಿ ಎತ್ತಿದ ಕಂಪನಿಗೆ ನಿಮಿಷಕ್ಕೆ 14 ಪೈಸೆ ಕೊಡುತ್ತಿತ್ತು. 2017ರ ಅಕ್ಟೋಬರಿನಲ್ಲಿ ಅದು 6 ಪೈಸೆಯಾಯಿತು, 2021ರ ಜನವರಿಯಿಂದ ಸೊನ್ನೆ. ಸರಳ, ಆಧುನಿಕ, ಯುರೋಪಿನಲ್ಲೂ ಈ ದರ ತಳಮುಟ್ಟಿದೆ. ಆದರೆ ನಮ್ಮ ಹಳ್ಳಿಯವರು ಫೋನು ಬಳಸುತ್ತಿದ್ದುದು ಹೇಗೆ? ಮಿಸ್ಡ್ ಕಾಲ್ ಕೊಟ್ಟು ಕಾಯುತ್ತಿದ್ದರು. ಬೆಂಗಳೂರಿನ ಮಗ ತಿರುಗಿ ಮಾಡುತ್ತಿದ್ದ. ಹಟ್ಟಿಯ ಟವರಿಗೆ ಬರುತ್ತಿದ್ದ ಕರೆಯೇ ಹೆಚ್ಚು, ಆ ಪೈಸೆಗಳೇ ಅದರ ಕೂಳಾಗಿದ್ದವು. ಪೈಸೆ ನಿಂತಾಗ ಆ ಟವರಿನ ಆದಾಯಕ್ಕೆ ಏನಾಯಿತು ಅಂತ ಕೇಳುವವರು ಆ ಚರ್ಚೆಯಲ್ಲಿ ಕಡಿಮೆಯಿದ್ದರು.

ಸಿಗ್ನಲ್ ಇಲ್ಲದಿರುವುದು ಮಾತಿನ ಕೊರತೆ ಮಾತ್ರ ಆಗಿದ್ದರೆ ನಾನು ಇಷ್ಟು ದೂರ ಎಳೆಯುತ್ತಿರಲಿಲ್ಲ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಹಾಜರಿ ಮೊಬೈಲಿಗೆ ಹೋಯಿತು, ದಿನಕ್ಕೆ ಎರಡು ಸಲ ಫೋಟೊ ಕಡ್ಡಾಯವಾಯಿತು. ಬೆಳೆ ಸಮೀಕ್ಷೆ ಮೊಬೈಲಿನಲ್ಲಿ. ಪಡಿತರಕ್ಕೆ ಹೆಬ್ಬೆಟ್ಟು ಯಂತ್ರದಲ್ಲಿ. ಸರಕಾರ ತನ್ನ ಕೆಲಸವನ್ನೆಲ್ಲ ಸಿಗ್ನಲಿನ ಮೇಲೆ ಹೊರಿಸಿದ ಮೇಲೆ ಸಿಗ್ನಲ್ ಕೊಡುವುದೂ ಸರಕಾರದ್ದೇ ಕೆಲಸವಾಯಿತು. ಗುಂಡಿ ತೋಡಿದ ಹೆಂಗಸಿನ ಬೆವರು ಹೊಲದಲ್ಲಿರುತ್ತದೆ, ಕೂಲಿ ಮಾತ್ರ ಟವರಿನ ತುದಿಯಲ್ಲಿ.

ಕೊನೆಗೆ, ಇಲ್ಲಿರುವ ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆ ಕೊಟ್ಟು ಹೋಗುತ್ತೇನೆ. ದೂರಸಂಪರ್ಕದ ಹೊಸ ನಿಯಮ ಅಂತ ಪತ್ರಿಕೆಯಲ್ಲಿ ಓದಿದಾಗಲೆಲ್ಲ ಕೇಳಿ. ಈ ನಿಯಮ ದುಬಾರಿ ಭಾಗವನ್ನು ಹಂಚಿಕೊಳ್ಳಲು ಬಿಡುತ್ತದೆಯೇ, ಸ್ಪೇನಿನ ಕೊಳವೆಯ ಹಾಗೆ? ಹಣದ ಬದಲು ಊರನ್ನು ಕೇಳುತ್ತದೆಯೇ, ಫ್ರಾನ್ಸಿನ ಕರಾರಿನ ಹಾಗೆ? ಸರದಿ ಎಲ್ಲಿಂದ ಶುರುವಾಗುತ್ತದೆ, ತೂಬಿನಿಂದಲೋ ಕಡೆಯಿಂದಲೋ? ಟ್ರಾಯ್ ತನ್ನ ತೀರ್ಮಾನಗಳಿಗೆ ಮೊದಲು ಸಮಾಲೋಚನಾ ಪತ್ರ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಕಂಪನಿಗಳು ನೂರಾರು ಪುಟ ಬರೆಯುತ್ತವೆ. ಚಳ್ಳಕೆರೆಯ ಕಾಲೇಜಿನಿಂದ, ನನ್ನಿವಾಳದ ಪಂಚಾಯಿತಿಯಿಂದ ಒಂದು ಪುಟ ಹೋಗಬಾರದೆಂದು ಯಾವ ಕಾನೂನೂ ಹೇಳಿಲ್ಲ. ಯಾವ ಕಾವಲಿನ ಯಾವ ಮೂಲೆಯಲ್ಲಿ ಫೋನು ಸತ್ತುಹೋಗುತ್ತದೆ ಅಂತ ದೇವರ ಎತ್ತು ಮೇಯಿಸುವ ಕಿಲಾರಿಗೆ ಗೊತ್ತು. ಆ ನಕ್ಷೆ ಇನ್ನೂ ಯಾವ ಕಚೇರಿಯಲ್ಲೂ ಬರೆದಿಲ್ಲ. ಅವನ ಜತೆ ಒಂದು ದಿನ ನಡೆದು ಬರೆದುಕೊಳ್ಳಿ, ಮುಂದಿನ ವರ್ಷದ ದತ್ತಿ ಉಪನ್ಯಾಸಕ್ಕೆ ನಿಮ್ಮಲ್ಲೇ ಒಬ್ಬರು ಅದನ್ನು ಹಿಡಿದು ಇಲ್ಲಿ ನಿಲ್ಲಬಹುದು.